ರೈಟರಣ್ಣನ ಮಾತು

ಮೆಣಸು ಕೊಯ್ಯುವ ಏಣಿ ಕರೆಂಟಿನ ತಂತಿಗೆ ತಾಗಿ ತೋಟದ ಆಳು ಸಿದ್ದು ಸತ್ತ ಸುದ್ದಿ ದಯಾನಂದನಿಗೆ ಮುಟ್ಟಿದ್ದು ಸಕಲೇಶಪುರದ ಚರ್ಚಿನ ಮೆಟ್ಟಿಲ ಮೇಲೆ. ಭಾನುವಾರದ ಆರಾಧನೆ ಆಗಷ್ಟೇ ಮುಗಿದಿತ್ತು. ದಿನದ ದುಡಿಮೆಯೂ ದೇವರ ಸೇವೆಯೇ ಎಂದು ಸಾರುತ್ತ ಸಭಾಪಾಲಕರು ಅಂದು ಅವನ ಹೆಸರನ್ನೇ ಎತ್ತಿ ಹೇಳಿದ್ದರು. ವನಗೂರಿನ ಒಂದೇ ಕಾಫಿ ಎಸ್ಟೇಟಿನಲ್ಲಿ ಹತ್ತೊಂಬತ್ತು ವರ್ಷದಿಂದ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದು, ಕೊಯ್ಲಿನ ತೂಕದಲ್ಲಿ ಯಾರಿಗೂ ಒಂದು ಹಣ್ಣಿನಷ್ಟೂ ಮೋಸ ಮಾಡದ ಮನುಷ್ಯ ಎಂದಿದ್ದರು. ಆಗ ಅವನಿಗೆ ತಲೆ ಎತ್ತಲು ಸಂಕೋಚವಾಗಿತ್ತು.

ಜೀಪಿನಲ್ಲಿ ಅವನು ಎಸ್ಟೇಟ್ ಸೇರುವಷ್ಟರಲ್ಲಿ ಹೆಣವನ್ನು ಆಸ್ಪತ್ರೆಗೆ ಸಾಗಿಸಿದ್ದರು. ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಮರದ ಬುಡದಲ್ಲಿ ಗೊಂಚಲುಗಳು ಚೆಲ್ಲಿದ್ದವು. ಜನ ಅವನ್ನು ತುಳಿಯದೆ ಸುತ್ತಿ ಬಳಸಿ ಓಡಾಡುತ್ತಿದ್ದರು. ಮಾಲೀಕ ಶ್ರೀನಾಥ್ ಅವನನ್ನು ಸ್ಟೋರಿನೊಳಗೆ ಕರೆದು ಬಾಗಿಲು ಎಳೆದುಕೊಂಡರು.

“ಪೊಲೀಸ್ರು ಬರ್ತಾ ಅವ್ರೆ. ಇವತ್ತು ಕೆಲಸ ಇರ್ಲಿಲ್ಲ ಅನ್ನು. ಅಷ್ಟು ಸಾಕು.”

“ನಾನೇ ಅಲ್ವಾ ಸಾಹುಕಾರ್ರೆ ಕಳ್ಸಿದ್ದು? ನಿನ್ನೆ ಸಂಜೆ ಇಲ್ಲೇ ನಿಂತು ನೀವು ಹೇಳಿದ್ರಿ. ತಂತಿ ಜೋತು ಬಿದ್ದೈತೆ ಅಂದೆ. ಎರಡೇ ಮರ ಉಳಿದಿರೋದು, ನಾಳೆ ಮುಗಿಸ್ಬುಡಿ ಅಂದ್ರಿ.”

“ನಾನು ಹೇಳಿದ್ದು ಯಾರು ಕೇಳವ್ರೆ?” ಶ್ರೀನಾಥರ ದನಿ ಏರಲಿಲ್ಲ. “ಏಣಿ ತೆಗೆದು ಕೊಟ್ಟೋನು ನೀನು. ಹತ್ತು ಅಂದೋನು ನೀನು. ನಿಜ ಹೇಳೋಕೆ ಹೊರಟ್ರೆ ಒಳಗೆ ಹೋಗೋನೂ ನೀನೇ ಕಣೋ. ಅವನ ಹೆಂಡ್ತಿ ಮಾರಮ್ಮನ್ನ ನಾನು ಕೈ ಬಿಡಲ್ಲ. ಲೈನ್ ಮನೆ ಅವಳಿಗೇ ಇರ್ಲಿ, ಕೆಲಸಾನೂ ಇರ್ಲಿ.”

“ಮತ್ತೆ ಸಿದ್ದು ಮರ ಯಾಕೆ ಹತ್ತಿದ ಅಂದ್ರೆ?”

“ರಜಾ ದಿನ. ತೋಟದಲ್ಲಿ ಯಾರೂ ಇಲ್ಲ. ಮೆಣಸು ಹಣ್ಣಾಗೈತೆ. ಯಾಕೆ ಹತ್ತುತಾರೆ ಮಾರಾಯ? ಅದನ್ನ ನೀನು ಹೇಳೋದೇ ಬೇಡ, ಅವ್ರೇ ಬರ್ಕೊಳ್ತಾರೆ.”

ಹೆಡ್ ಕಾನ್‌ಸ್ಟೇಬಲ್ ಆಫೀಸಿನ ಜಗಲಿಯಲ್ಲಿ ಕುಳಿತು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡರು. ದಯಾನಂದ ಎದುರು ನಿಂತ. ನಿನ್ನೆ ಏಣಿ ಹೊತ್ತು ಹೊರಟ ಸಿದ್ದುವಿಗೆ ತಂತಿಯ ಕಡೆ ನಿಗಾ ಇರಲಿ ಎಂದಿದ್ದ. ಅದಕ್ಕೆ ಸಿದ್ದು ನಕ್ಕು, ನೀವು ದೇವ್ರತ್ರ ಹೋಗಿ ಬರೋದ್ರೊಳಗೆ ಮುಗಿಸಿರ್ತೀನಿ ಎಂದಿದ್ದ. ದಯಾನಂದ ಮನಸ್ಸಿನಲ್ಲೇ ಪ್ರಾರ್ಥಿಸಲು ನೋಡಿದ. ಒಂದು ಪದವೂ ಬರಲಿಲ್ಲ. ಆದರೂ ಬಾಯಿ ತೆರೆಯುವವರೆಗೆ ತಾನು ನಿಜವನ್ನೇ ಹೇಳುತ್ತೇನೆಂದು ಅವನು ನಂಬಿದ್ದ.

“ಇವತ್ತು ಕೆಲಸ ಇತ್ತೇನ್ರಿ?”

“ಇಲ್ಲ ಸಾರ್. ಭಾನುವಾರ ಇರಲ್ಲ. ನಾನು ಚರ್ಚಿಗೆ ಹೋಗಿದ್ದೆ.”

“ಏಣಿ ಹೆಂಗೆ ಸಿಕ್ತು ಅವನಿಗೆ?”

“ಸ್ಟೋರಿನ ಹೊರಗೇ ಒರಗಿಸಿರ್ತೀವಿ.”

ಬೇರೆ ಯಾರಾದರೂ ಆಗಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಬರುತ್ತಿತ್ತೇನೋ. “ನೀವೇ ಹೇಳಿದ್ಮೇಲೆ ಆಯ್ತು ಬಿಡಿ” ಎಂದು ಅವರು ಪೆನ್ನನ್ನು ಅವನ ಕೈಗೆ ಕೊಟ್ಟು, ಸಹಿ ಹಾಕುವ ಜಾಗ ತೋರಿಸಿದರು.

ಸ್ಟೇಷನ್ನಿಗೆ ಹೋಗುವ ಧೈರ್ಯ ಇಲ್ಲದಿದ್ದರೂ ಮಾರಮ್ಮನಿಗಾದರೂ ನಿಜ ಹೇಳಲೇಬೇಕೆಂದು ನಾಲ್ಕನೆಯ ದಿನ ಆಳುಗಳ ಲೈನ್ ಮನೆಗಳ ಕಡೆ ನಡೆದ. ಗಂಡ ಸತ್ತ ಹೊತ್ತಿನಲ್ಲಿ ಅವಳು ಕುಂದೂರಿನ ತವರಿನಲ್ಲಿದ್ದಳು. ಶನಿವಾರ ಸಂಜೆ ಏನಾಯಿತೆಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಈಗ ಹೊಸ್ತಿಲಲ್ಲಿ ಕುಳಿತಿದ್ದವಳು ಅವನನ್ನು ಕಂಡು ಎದ್ದು ನಿಂತಳು. ಹಿಂದೆ ಗೋಡೆಗೆ ಒರಗಿಸಿದ್ದ ಸಿದ್ದುವಿನ ಫೋಟೊಗೆ ಹೂವಿರಲಿಲ್ಲ. ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಇಡಲಾಗಿತ್ತು.

“ಮಾರಮ್ಮ, ನಿಂಗೊಂದು ಮಾತು ಹೇಳ್ಬೇಕಿತ್ತು” ಎಂದ ದಯಾನಂದ.

“ಏನೂ ಹೇಳ್ಬ್ಯಾಡಿ ರೈಟರಣ್ಣ, ನಂಗೊತ್ತು” ಎಂದಳು ಅವಳು. “ನಮ್ಮ ಭಾವ ಕೂಗಾಡ್ತಾನೇ ಅವ್ರೆ, ನನ್ ತಮ್ಮ ಕದಿಯೋನಲ್ಲ ಅಂತ. ನಾನೂ ಹಂಗೇ ಅಂತಿದ್ದೆ. ಪೊಲೀಸ್ರು ಹೇಳಿದ್ರೂ ನಂಬ್ಲಿಲ್ಲ, ಸಾಹುಕಾರ್ರು ಹೇಳಿದ್ರೂ ನಂಬ್ಲಿಲ್ಲ. ನೀವೇ ಬರ್ಕೊಟ್ಟಿದೀರಿ ಅಂತ ಗೊತ್ತಾದ್ಮೇಲೆ ಸುಮ್ಕಾದೆ. ನೀವು ಸುಳ್ಳು ಹೇಳೋರಲ್ಲ.”

ದಯಾನಂದ ಬಾಯಿ ತೆರೆದ. ಅಷ್ಟರಲ್ಲಿ ಅವಳು ಬಾಗಿ ಅವನ ಕಾಲು ಮುಟ್ಟಿದಳು.

“ಅವ್ರ ಪರವಾಗಿ ನಾನು ತಪ್ಪಾಯ್ತು ಅಂತೀನಿ ಅಣ್ಣ. ನಿಮ್ಮ ಕೈ ಕೆಳಗೇ ಇದ್ಕೊಂಡು ನಿಮಗೇ ಹಿಂಗೆ ಮಾಡ್ಬುಟ್ರು.” ಮೇಲೆದ್ದವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: “ನಿಮ್ಮ ದೇವ್ರು ಕಳ್ಳರನ್ನೂ ಕ್ಷಮಿಸ್ತಾನೆ ಅಂತಾರಲ್ಲ, ಹೌದಾ ಅಣ್ಣ?”

ಪಕ್ಕದ ಮನೆಗಳಿಂದ ಹೆಂಗಸರು ಹೊರಗೆ ಬಂದು ನೋಡುತ್ತಿದ್ದರು. ಎಲ್ಲರೂ ಅವನ ಬಾಯಿಂದ ಏನು ಬರುತ್ತದೆಂದು ಕಾದಂತಿತ್ತು.

“ಹೌದು, ಕ್ಷಮಿಸ್ತಾನೆ” ಎಂದ ದಯಾನಂದ.

ಮಾರಮ್ಮ ಕಣ್ಣೊರೆಸಿಕೊಂಡು ಅವನಿಗೆ ಕೈ ಮುಗಿದಳು.