ಗಾಲಿಗೆ ಕಟ್ಟಿದ ಕರಿದಾರ

"ಬ್ಲೇಡ್ ಹಚ್ಚಬ್ಯಾಡ ತಮ್ಮಾ!" ಎಂದು ಅನಸುಬಾಯಿ ಕೂಗಿದಾಗ ಮಿಸ್ತ್ರಿ ಶಾಹನವಾಜನ ಕೈ ಅಲ್ಲೇ ನಿಂತಿತು. ಮಿಲಿಟರಿ ಹರಾಜಿನಲ್ಲಿ ಅವಳ ಗಂಡ ದೇವಿಂದ್ರಪ್ಪ ಕೊಂಡಿದ್ದ ಲಾರಿ ಅದು. ಎರೆಹೊಲದಲ್ಲಿ ಹೂಳದಂತೆ ಗಾಲಿಗಳ ಗಾಳಿ ಇಳಿಸಲು, ರಸ್ತೆಗೆ ಬಂದ ಮೇಲೆ ಮತ್ತೆ ತುಂಬಲು ಕ್ಯಾಬಿನ್ನಿನಲ್ಲೇ ಸ್ವಿಚ್ಚಿತ್ತು. ಈಗ ಉಳಿದ ಗಾಲಿಗಳೆಲ್ಲ ತುಂಬಿದರೂ ಹಿಂದಿನದೊಂದು ಮೆತ್ತಗೇ ಕುಳಿತಿತ್ತು.

ಆ ಗಾಲಿಗೆ ಗಾಳಿ ಒಯ್ಯುವ ರಬ್ಬರ್ ಪೈಪನ್ನು ಹೋದವಾರ ಬದಲಿಸಿದವನು ತಾನೇ ಎಂಬುದು ಶಾಹನವಾಜನನ್ನು ಬೆಳಗಿನಿಂದ ಕೊರೆಯುತ್ತಿತ್ತು. ಎಲ್ಲಿ ಸೋರುತ್ತಿದೆಯೆಂದು ನೋಡಲು ಸೋಪಿನ ನೀರು ಹಚ್ಚಿದ್ದ, ಗುಳ್ಳೆ ಎದ್ದಿರಲಿಲ್ಲ. ವಾಲ್ವು ಬಿಚ್ಚಿ ತೊಳೆದಿದ್ದ. "ಇವತ್ತ ಆಗಲಿಲ್ಲಂದ್ರ ಬ್ಯಾರೆ ಮಿಸ್ತ್ರಿ ನೋಡ್ತೀನಪಾ," ಎಂದಿದ್ದ ದೇವಿಂದ್ರಪ್ಪ. ಕೊನೆಗೆ ಪೈಪಿನುದ್ದಕ್ಕೂ ಬೆರಳಾಡಿಸಿದಾಗ ಕೆಸರಿನಡಿ ಗಂಟೊಂದು ಸಿಕ್ಕಿತ್ತು: ಪೈಪಿನ ಕತ್ತು ಹಿಸುಕಿದಂತೆ ಬಿಗಿದ ಕರಿದಾರ.

"ನಿನ್ನೆ ಹೊಲದಾಗ ನಾನೇ ಕಟ್ಟೀನಿ. ಊರ ಮಂದಿ ಎಲ್ಲಾ ನಿಂತು ಲಾರಿ ನೋಡಾಕತ್ತಿದ್ರು. ದೃಷ್ಟಿ ತಾಕಬಾರದಂತ," ಎಂದಳು ಅನಸುಬಾಯಿ.

"ದೃಷ್ಟಿ ಬಿಡ್ರಿ ಅಕ್ಕಾ, ಗಾಳೀನೂ ತಾಕವಲ್ದು," ಎಂದ ಶಾಹನವಾಜ. ಮಾತು ಹೆಚ್ಚಾಯಿತೇನೋ ಎಂದು ಅಳುಕಿ ಬ್ಲೇಡನ್ನು ಜೇಬಿಗೆ ಹಾಕಿಕೊಂಡ. "ನೀವೇ ಬಿಚ್ಚರಿ."

ಅವಳು ಉಗುರಿನಿಂದ ಗಂಟು ಸಡಿಲಿಸಿದಳು. ದೇವಿಂದ್ರಪ್ಪ ಸ್ವಿಚ್ಚು ಒತ್ತಿದ. ಪೈಪು ಸುಯ್ಯೆಂದಿತು, ಕುಸಿದಿದ್ದ ಲಾರಿಯ ಮೂಲೆ ನಿಧಾನವಾಗಿ ಮೇಲೆದ್ದಿತು. ಶಾಹನವಾಜ ಮಾತ್ರ ಇನ್ನೂ ಪೈಪಿಗೆ ಕಿವಿಗೊಟ್ಟು ತನ್ನ ತಪ್ಪನ್ನೇ ಹುಡುಕುತ್ತಿದ್ದ. ಅನಸುಬಾಯಿ ಅವನ ಗ್ರೀಸಿನ ಕೈ ಎಳೆದುಕೊಂಡು ಮಣಿಕಟ್ಟಿಗೆ ಅದೇ ದಾರ ಸುತ್ತಿದಳು.

"ಲಾರಿಕಿಂತ ನಿನಗೇ ಇದು ಬೇಕು, ಅಂಜಿಕಿ ಭಾಳ ಅದ. ಹೆದರಬ್ಯಾಡ, ಸಡ್ಲ ಕಟ್ಟೀನಿ."