ಗಾಳಿ ಹೋಗುವ ಕಿಂಡಿ

ಬಿಸಿ ತೋರಿಸುವ ಮುಳ್ಳು ಮತ್ತೆ ಕೆಂಪು ಗೆರೆ ಮುಟ್ಟಿತು. ರೋಜಾ ಎಂಜಿನ್ ಆರಿಸಿದಳು. ಕುಬಟೂರಿನ ಆಚೆಯ ಬಯಲಿನಲ್ಲಿ ವಿಮಾನ ಅರ್ಧ ದೂರವೂ ಓಡಿರಲಿಲ್ಲ. ಅದರ ಜೊತೆಯಲ್ಲೇ ಓಡಿಬಂದ ಗಂಡ ಯತೀಶ ಏದುಸಿರು ಬಿಡುತ್ತ, "ಮತ್ತೆ ಹೀಟಾ?" ಅಂದ.

"ಮತ್ತೆ ಹೀಟು. ಹಿಂಗೇ ಮೇಲೆ ಹೋಗಿದ್ರೆ ಎಂಜಿನ್ ಸೀಜ್ ಆಗಿ ನಿಂತೇಬಿಡ್ತಿತ್ತು."

ಶಿಕಾರಿಪುರದ ಟ್ರ್ಯಾಕ್ಟರ್ ಗ್ಯಾರೇಜಿನ ಹಿಂದೆ ಗಂಡ ಹೆಂಡತಿ ಇಬ್ಬರೂ ಸೇರಿ, ವರ್ಷಗಟ್ಟಲೆ ತಗಡು ಬಡಿದು ಕಟ್ಟಿದ ವಿಮಾನ ಅದು. ಹಾರಿಸುವ ಲೈಸೆನ್ಸು ಇದ್ದದ್ದು ರೋಜಾಳಿಗೆ. ಹಾರಲು ಅನುಮತಿ ಸಿಕ್ಕಿದ್ದು ಈ ಬೆಳಗಿಗೆ ಮಾತ್ರ. ಬಿಸಿಲೇರಿದರೆ ಬಯಲಿನಲ್ಲಿ ಅಡ್ಡಗಾಳಿ ಏಳುತ್ತದೆ, ಆಮೇಲೆ ಆಗದು.

ಬದುವಿನ ಹತ್ತಿರ ಕುರಿ ನಿಲ್ಲಿಸಿಕೊಂಡಿದ್ದ ರೋಜಾಳ ಅಪ್ಪ ರಂಗಪ್ಪ ಅಲ್ಲಿಂದಲೇ ಕೂಗಿದ. "ಹಂಗಾದ್ರೆ ಇವತ್ತು ಆಗಾಕಿಲ್ಲ ಬಿಡು ಯವ್ವಾ. ರೊಟ್ಟಿ ತಂದೀನಿ, ತಿನ್ನಾನ ಬರ್ರಿ." ಬೇಸರ ಇರಬೇಕಾದ ಮಾತಿನಲ್ಲಿ ಬೇಸರ ಇರಲಿಲ್ಲ.

ಯತೀಶ ಬಾನೆಟ್ ಎತ್ತಿದ. ಈ ಎಂಜಿನ್ನಿಗೆ ನೀರಿಲ್ಲ, ರೇಡಿಯೇಟರ್ ಇಲ್ಲ. ವಿಮಾನದ ಮೂಗಿನಲ್ಲಿ ತಿರುಗುವ ಫ್ಯಾನಿನ ಪಕ್ಕದ ಎರಡು ತೂತಿನಿಂದ ಒಳಗೆ ಬಂದ ಗಾಳಿಯೇ ಸಿಲಿಂಡರುಗಳ ಮೈ ಸವರಿ, ಹೊಟ್ಟೆಯ ಕೆಳಗಿನ ಕಿಂಡಿಯಿಂದ ಹೊರಗೆ ಹೋಗಬೇಕು. ಗಾಳಿ ಅಡ್ಡದಾರಿ ಹಿಡಿಯದ ಹಾಗೆ ಸುತ್ತ ತಗಡು, ತಗಡಿನ ಅಂಚಿಗೆ ರಬ್ಬರ್ ಪಟ್ಟಿ. ಯತೀಶ ಪಟ್ಟಿಯ ಮೇಲೆ ಬೆರಳಾಡಿಸಿದ. ಎಲ್ಲೂ ಎದ್ದಿರಲಿಲ್ಲ.

"ಮೂಗಿನ ತೂತೇ ಸಣ್ಣದಾಯ್ತು ಅನ್ಸುತ್ತೆ. ಕತ್ತರಿ ತರ್ತೀನಿ, ಅಗಲ ಮಾಡಾಣ."

"ಸುಮ್ನಿರ್ರಿ. ನಿನ್ನೆ ಇದೇ ತೂತಲ್ಲಿ ಅಷ್ಟೊತ್ತು ಓಡಿಸಿದ್ವಿ, ಮುಳ್ಳು ಅಲ್ಲಾಡಲಿಲ್ಲ. ಬೆಳಗಾಗೋದ್ರಾಗೆ ಮೂಗು ಸಣ್ಣದಾಗುತ್ತಾ?"

"ರಾತ್ರಿ ನಿಮ್ಮಪ್ಪ ಕಾವಲಿದ್ರು. ಕುರಿ ಜೊತೆ ಇದನ್ನೂ ಮೇಯಾಕೆ ಬಿಟ್ಟಿದ್ರೇನೋ ಕೇಳು."

ರೋಜಾಳಿಗೆ ನಗು ಬಂತು. ಅಷ್ಟರಲ್ಲಿ ಯತೀಶ ಮೂಗು ಅರಳಿಸಿದ. "ಇದೇನಿದು, ಕುರಿತಲೆ ಸುಡೋ ವಾಸನೆ. ಮಾವಾ, ಮಧ್ಯಾಹ್ನಕ್ಕೆ ತಲೆಮಾಂಸ ಏನ್ರೀ?"

ರಂಗಪ್ಪ ಕಳೆದುಹೋದ ಕುರಿ ಹುಡುಕುವವನ ಹಾಗೆ ಮಂದೆಯ ಕಡೆ ತಿರುಗಿಕೊಂಡ.

ಕುರಿ ಮಂದೆಯಲ್ಲಿ ಬೆಳೆದವಳಿಗೆ ಆ ವಾಸನೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುಡುತ್ತಿದ್ದುದು ಉಣ್ಣೆ. ರೋಜಾ ಅಂಗಾತ ಮಲಗಿ ವಿಮಾನದ ಕೆಳಗೆ ತೂರಿ, ಹೊಟ್ಟೆಯ ಕಿಂಡಿಗೆ ಕೈ ಹಾಕಿದಳು. ಏನನ್ನೋ ಗಿಡಿದು ತುಂಬಲಾಗಿತ್ತು. ಎಳೆದಳು. ಹೊಗೆ ಕೊಳವೆಗೆ ತಾಗಿ ಒಂದು ಬದಿ ಸೀದುಹೋದ ಕರಿ ಕಂಬಳಿಯ ತುಂಡು ಕೈಗೆ ಬಂತು. ತಲೆ ಎತ್ತಿ ನೋಡಿದಳು. ಅಪ್ಪನ ಹೆಗಲ ಮೇಲಿನ ಕಂಬಳಿಗೆ ಒಂದು ಮೂಲೆ ಇರಲಿಲ್ಲ.

ಯತೀಶ ಬಾಯಿ ತೆರೆಯುವ ಮೊದಲೇ ಅವನಿಗೆ ಸುಮ್ಮನಿರಲು ಕೈ ಮಾಡಿ, ರೋಜಾ ಬದುವಿನ ಹತ್ತಿರಕ್ಕೆ ನಡೆದಳು.

"ಅಪ್ಪಾ, ಇದು ನಿಂದಲ್ವಾ?"

"ನಂದೇ." ರಂಗಪ್ಪ ತುಂಡನ್ನು ತೆಗೆದುಕೊಂಡು ನೆಲ ನೋಡಿದ. "ಪಂಪಿನ ಎಂಜಿನ್ನಿಗೆ ಹೊಗೆ ಕೊಳವಿ ಮುಚ್ಚಿದ್ರೆ ಚಾಲೂ ಆಗಾಕಿಲ್ಲ. ಇದೂ ಹಂಗೇ ಅನ್ಕಂಡೆ. ಚಾಲೂನೇ ಆಗದಿದ್ರೆ ನೀನು ನೆಲದ ಮ್ಯಾಲೇ ಇರ್ತೀಯಲ್ಲ ಅಂತ."

"ಚಾಲೂ ಆಯ್ತಲ್ಲಪ್ಪಾ. ಅದು ಹೊಗೆ ಹೋಗೋ ಜಾಗ ಅಲ್ಲ, ಗಾಳಿ ಹೋಗೋ ಜಾಗ. ಮುಳ್ಳು ನೋಡದೆ ಎದ್ದಿದ್ರೆ, ಅಗೋ ಆ ಮರಗಳ ಮೇಲೆ ಹೋದಾಗ ಎಂಜಿನ್ ನಿಲ್ತಿತ್ತು."

ರಂಗಪ್ಪ ಬಯಲಿನ ತುದಿಯ ಮರಗಳನ್ನು ನೋಡಿದ. ನೋಡುತ್ತಲೇ ಇದ್ದ. ಮುಖದ ಬಣ್ಣವೇ ಇಳಿದುಹೋಯಿತು. ಇಷ್ಟು ದಿನ ವಿಮಾನದಿಂದ ಮಾರು ದೂರ ನಿಲ್ಲುತ್ತಿದ್ದವನು ಈಗ ದಡದಡನೆ ಬಂದು ಅದರ ಕೆಳಗೆ ಮಂಡಿಯೂರಿದ. "ತಡಿ, ಇನ್ನೂ ಏನಾರ ಉಳಿದಿದ್ದೀತು." ಈಯಲಾರದ ಕುರಿಗೆ ಕೈ ಹಾಕಿ ಮರಿ ಹುಡುಕುವ ಹಾಗೆ, ಬಿಸಿಗೆ ಚರ್ಮ ಚುರುಗುಟ್ಟಿದರೂ, ಕಿಂಡಿಯ ಮೂಲೆ ಮೂಲೆ ತಡವಿದ. ಉಣ್ಣೆಯ ಎಳೆಯೊಂದು ಸಿಕ್ಕಿತು. ಆಮೇಲೆ ಏನೂ ಸಿಗಲಿಲ್ಲ.

"ಈಗ ಖಾಲಿ ಐತೆ. ಚಾಲೂ ಮಾಡು ನೋಡಾನ."

ಎಂಜಿನ್ ತಣ್ಣಗಾಗಲು ಬಿಟ್ಟು, ಆಮೇಲೆ ರೋಜಾ ಹತ್ತಿ ಕೂತಳು. ಎಂಜಿನ್ ಗುಡುಗಿತು. ರಂಗಪ್ಪ ಫ್ಯಾನಿನಿಂದ ದೂರವಾಗಿ, ಪಕ್ಕದಿಂದ ಬಗ್ಗಿ ಕಿಂಡಿಯ ಕೆಳಗೆ ಅಂಗೈ ಒಡ್ಡಿದ. ಬಿಸಿಗಾಳಿ ಬುಸುಬುಸು ಬಂದು ಕೈ ತಳ್ಳಿತು.

"ಉಸಿರಾಡ್ತೈತೆ ಯವ್ವಾ, ಉಸಿರಾಡ್ತೈತೆ" ಅಂತ ಕೂಗಿದ.

ಮುಳ್ಳು ನಡುವಿಗೆ ಬಂದು ನಿಂತಿತು. ಅಲ್ಲೇ ಇತ್ತು. ರೋಜಾ ಅಪ್ಪನ ಮುಖ ನೋಡಿದಳು. ರಂಗಪ್ಪ ಹಿಂದಕ್ಕೆ ಸರಿದು ದಾರಿ ಬಿಟ್ಟ. "ಹೋಗಿ ಬಾ" ಅಂದದ್ದು ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ತುಟಿ ಆಡಿದ್ದು ಮಾತ್ರ ಕಂಡಿತು.

ಹುಲ್ಲು ಮಲಗಿತು. ಚಕ್ರಗಳು ಕುಪ್ಪಳಿಸಿದವು, ಇನ್ನೊಮ್ಮೆ ಕುಪ್ಪಳಿಸಿದವು, ಆಮೇಲೆ ನೆಲ ಮುಟ್ಟಲಿಲ್ಲ. ಹಿಂದೆ ಓಡುತ್ತಿದ್ದ ಯತೀಶ ಎಡವಿ ಬಿದ್ದು, ಬಿದ್ದಲ್ಲಿಂದಲೇ ಎರಡೂ ಕೈ ಎತ್ತಿ ಹುಚ್ಚನ ಹಾಗೆ ಕಿರುಚಿದ. ವಿಮಾನ ಮರಗಳನ್ನು ದಾಟಿ, ಕೆರೆಯ ಮೇಲೆ ಹೊರಳಿ, ಬಯಲಿಗೆ ವಾಪಸು ಬಂತು.

ಅದರ ನೆರಳು ಮಂದೆಯ ಮೇಲೆ ಹಾದಾಗ ಹದ್ದು ಎರಗಿತೆಂದು ಕುರಿಗಳು ಬೆದರಿ, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿದವು. ರಂಗಪ್ಪ ಓಡಿಹೋಗಿ ಅವುಗಳ ನಡುವೆ ನಿಂತ. ಸೀದ ಕಂಬಳಿ ತುಂಡು ಇನ್ನೂ ಒಂದು ಮುಷ್ಟಿಯಲ್ಲೇ ಇತ್ತು. ಇನ್ನೊಂದು ಕೈಯಿಂದ ಕುರಿಗಳ ಬೆನ್ನು ಸವರುತ್ತ ಹೇಳತೊಡಗಿದ:

"ಹೆದರಬ್ಯಾಡ್ರಿ, ಹೆದರಬ್ಯಾಡ್ರಿ. ಅದು ನಮ್ಮ ರೋಜಾ."