ಬಾಡಿಗೆ ಮನೆಯ ಕ್ರೋಟನ್

ಮಗಳ ಊರಿಗೆ ಹೊರಟ ಪಟ್ಟಾಭಿರಾಯರು ಮನೆಯನ್ನು ಬಾಡಿಗೆಗೆ ಕೊಡುವಾಗ ಒಂದೇ ಷರತ್ತು ಹಾಕಿದ್ದರು: ತೀರಿಕೊಂಡ ಹೆಂಡತಿ ನಡುಮನೆಯ ಮೂಲೆಯಲ್ಲಿಟ್ಟು ಸಾಕಿದ್ದ ಕ್ರೋಟನ್ ಗಿಡವನ್ನು ಜೋಪಾನ ಮಾಡಬೇಕು.

ಬಾಡಿಗೆಗೆ ಬಂದ ಪ್ರಫುಲ್ಲಾ ಅದನ್ನು ಕತ್ತಲೆ ಮೂಲೆಯಿಂದ ಬಿಸಿಲು ಬೀಳುವ ಕಿಟಕಿಯ ಬಳಿ ತಂದಿಟ್ಟಳು. ಒದ್ದೆ ಬಟ್ಟೆಯಿಂದ ಎಲೆ ಒರೆಸಿದಳು. ಹಸಿರೇ ಹಸಿರಾಗಿದ್ದ ಗಿಡಕ್ಕೆ ಕೆಂಪು, ಹಳದಿ, ಕೇಸರಿ ಬಣ್ಣಗಳು ತುಂಬಿಕೊಂಡವು.

ಬೇಸಿಗೆಯಲ್ಲಿ ಬಂದ ರಾಯರು ಬಾಗಿಲಲ್ಲೇ ನಿಂತುಬಿಟ್ಟರು.

"ನನ್ನ ಗಿಡ ಎಲ್ಲಮ್ಮಾ?"

"ಇದೇ ರಾಯರೇ. ಬಿಸಿಲು ಬಿದ್ರೆ ಕ್ರೋಟನ್‌ಗೆ ಬಣ್ಣ ಬರುತ್ತೆ."

"ಸುಳ್ಳು ಹೇಳಬೇಡಿ! ನಮ್ಮ ಮನೆಯವಳು ಸಾಕಿದ್ದು ಹಸಿರು ಗಿಡ. ಅದನ್ನ ಒಣಗಿಸಿ ಇದನ್ಯಾವುದನ್ನೋ ತಂದಿಟ್ಟಿದ್ದೀರಿ. ದೀಪಾವಳಿಗೆ ಮತ್ತೆ ಬರ್ತೀನಿ. ನನ್ನ ಗಿಡ ಇರದಿದ್ರೆ ಮನೆ ಖಾಲಿ ಮಾಡಿ."

ಪ್ರಫುಲ್ಲಾ ಕಣ್ಣೊರೆಸಿಕೊಂಡು ಗಿಡವನ್ನು ಮತ್ತೆ ಕತ್ತಲೆ ಮೂಲೆಗೆ ತಳ್ಳಿದಳು. ಕಿಟಕಿಗೆ ದಪ್ಪನೆಯ ಪರದೆ ಎಳೆದು, ಮನೆಮಂದಿಯೆಲ್ಲ ಹಗಲಲ್ಲೂ ತಡವರಿಸಿಕೊಂಡು ಓಡಾಡಿದರು. ಬಣ್ಣದ ಎಲೆಗಳು ಒಂದೊಂದಾಗಿ ಉದುರಿದವು. ಆಮೇಲೆ ಚಿಗುರಿದ ನಾಲ್ಕಾರು ಎಲೆಗಳು ಪೇಲವವಾಗಿದ್ದರೂ ಹಸಿರಾಗಿದ್ದವು.

ದೀಪಾವಳಿಗೆ ಬಂದ ರಾಯರು ಆ ಎಲೆಗಳನ್ನು ಮೆಲ್ಲನೆ ಸವರಿದರು.

"ನನ್ನ ಗಿಡಾನೇ ಕಣಮ್ಮಾ! ಅವತ್ತು ಇದಕ್ಕೆ ಕಾಯಿಲೆ ಬಂದಿತ್ತು ಅಂತ ಗೊತ್ತಾಗದೆ ನಿಮ್ಮನ್ನ ಬೈದುಬಿಟ್ಟೆ."

ಅಷ್ಟು ಹೇಳಿ ಹೊರಗೆ ನಿಂತಿದ್ದ ಆಟೋದಿಂದ ಅವರು ಕೆಂಪು, ಹಳದಿ ಎಲೆಗಳಿಂದ ಥಳಥಳ ಹೊಳೆಯುವ ಕ್ರೋಟನ್ ಕುಂಡವೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು.

"ಮಗಳ ಮನೆ ಗಿಡಕ್ಕೂ ಅದೇ ಕಾಯಿಲೆ ಅಂಟಿದೆ, ಹೇಗಾದರೂ ಮಾಡಿ ಇದನ್ನೂ ನೀವೇ ವಾಸಿ ಮಾಡಿಕೊಡಿ."